ಕೊನೆಯ ಸಾಲಿನಲ್ಲಿ ಏರಿದ ದನಿ

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿರುವ ನನ್ನ ಚಿಕ್ಕಪ್ಪನ ಮಗಳ ಫ್ಲ್ಯಾಟಿನಲ್ಲಿ ಒಂದು ಕೋಣೆ ರೆಕಾರ್ಡಿಂಗಿಗೆಂದೇ ಇದೆ. ಗೋಡೆ ತುಂಬ ಸ್ಪಂಜು. ಹಾಡುವಾಗ ಫ್ಯಾನು, ಏಸಿ ಎರಡೂ ಬಂದ್. ಅಮ್ಮ ಧಾಟಿ ಹಾಕಿದ ಒಂದು ವಚನವನ್ನು ಧ್ವನಿಮುದ್ರಿಸಲು ಅಮ್ಮನೂ ನಾನೂ ಅಲ್ಲಿಗೆ ಹೋಗಿದ್ದೆವು. ಸೋಮವಾರದ ಭಜನೆಯಲ್ಲಿ ನಮ್ಮ ಕಡೆಯ ಮನೆಗಳವರು ಬಹಳ ಕಾಲದಿಂದ ಹಾಡುತ್ತಿರುವ ಧಾಟಿ ಅದು. ಕಿವಿ ಮಂದವಾದ ಮೇಲೆ ಅಮ್ಮ ಹಾಡುವುದನ್ನು ಬಿಟ್ಟಳು. ಈಗ ಒಬ್ಬೊಬ್ಬರು ಒಂದೊಂದು ಥರ ಎಳೆಯುತ್ತಾರೆ. "ಸರಿಯಾದದ್ದು ಒಂದಾದ್ರೂ ಉಳೀಲಿ, ನೀನು ಹಾಡು" ಎಂದು ಅವಳೇ ಕೇಳಿಕೊಂಡಿದ್ದಳು.

ಆ ಧಾಟಿಯ ಜೀವವೆಲ್ಲ ಕೊನೆಯ ಸಾಲಿನಲ್ಲಿದೆ. ಅದುವರೆಗೆ ಏರಿದ ದನಿ ಅಲ್ಲಿ ಇಳಿದು, ಪಕ್ಕದಲ್ಲಿ ಕೂತವರಿಗೆ ಹೇಳಿದಂತೆ ಮುಗಿಯಬೇಕು. ನಾನು ಹಾಡಿದಾಗ ಅಲ್ಲೇ, ಕಂಪ್ಯೂಟರ್ ಪರದೆಯ ಮೇಲೆ ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪಾಯಿತು. ದನಿ ಒಡೆಯಿತು.

"ಕೊನೇ ಸಾಲಿಗೆ ಬಂದ್ರೆ ಏನಾಗುತ್ತೆ ಅಕ್ಕಾ ನಿಂಗೆ? ಎಷ್ಟು ಸತ್ತಂ!" ಎಂದಳು ತಂಗಿ. ನಮ್ಮ ಮನೆಗಳಲ್ಲಿ ಗದ್ದಲಕ್ಕೆ ತಮಿಳಿನ ಆ ಮಾತೇ ರೂಢಿ.

ನನ್ನನ್ನು ಮೈಕಿನಿಂದ ಹಿಂದಕ್ಕೆ ಸರಿಸಿದಳು. ಜೋರು ಬರುವ ಕಡೆ ಮುಖ ಪಕ್ಕಕ್ಕೆ ತಿರುಗಿಸು ಎಂದಳು. ಆದರೂ ಕೆಂಪು. ಕೊನೆಗೆ, ಏರಿದ ದನಿಯನ್ನು ಒತ್ತಿ ತಗ್ಗಿಸುವ ಕಂಪ್ರೆಸರ್ ಹಾಕಿ, ಹಿನ್ನೆಲೆಯ ತಂಬೂರಿ ತೆಗೆದು, ನನ್ನ ದನಿಯೊಂದನ್ನೇ ಕೇಳಿಸಿದಳು.

"ನೋಡು, ಜೋರು ಇಳೀತು. ಆದ್ರೆ ಕೂಗಿದ್ದು ಕೂಗಿದ ಹಾಗೇ ಇದೆ. ಯಾರನ್ನ ಬೈತಿದೀಯಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ದನಿ ಯಾವುದೆಂದು ನನಗೆ ಗೊತ್ತಿತ್ತು. ಮಾತ್ರೆ ತಗೊಂಡ್ಯಾ ಎಂದು ಅಮ್ಮನನ್ನು ಮೂರನೇ ಸಲ ಕೇಳುವ ದನಿ. ಮನೆಯಲ್ಲಿ ಹಾಡಿ ತೋರಿಸುವಾಗ ಅಮ್ಮನಿಗೆ ಕೇಳಿಸದೆ ಹೋಗುವುದು ಆ ಮೆತ್ತಗಿನ ಸಾಲೇ. ಅದಕ್ಕೆ ಅದನ್ನೇ ಎತ್ತಿ ಹಾಡುವುದು ರೂಢಿಯಾಗಿಬಿಟ್ಟಿತ್ತು. ಇಲ್ಲಿಯೂ ಅವಳು ಎದುರು ಕುರ್ಚಿಯಲ್ಲಿ ಕೂತು ನನ್ನ ತುಟಿಯನ್ನೇ ನೋಡುತ್ತಿದ್ದಳು.

ತಂಗಿ ನಕ್ಕದ್ದು ಕಂಡು, "ಏನಂತೆ?" ಎಂದಳು ಅಮ್ಮ.

"ಅಕ್ಕ ತುಂಬಾ ಜೋರು, ದೊಡ್ಡಮ್ಮಾ!"

"ದಿನಾ ಹಾಗೇ ಕಣೇ. ಪಾಪ, ಅವಳಾದ್ರೂ ಎಷ್ಟು ಸಲ ಅಂತ ಹೇಳ್ತಾಳೆ? ನಂಗೆ ಅಭ್ಯಾಸ ಆಗ್ಹೋಗಿದೆ."

ದೂರಿದ್ದಲ್ಲ, ನನ್ನ ಪರ ವಹಿಸಿ ಹೇಳಿದ್ದು. ಕೆಲಸ ಮಾಡುವ ಸುದ್ದಿಮನೆಯಲ್ಲಿ ನಾನು ಯಾರ ಮೇಲೂ ದನಿ ಎತ್ತುವವಳಲ್ಲ. ಅಲ್ಲಿ ಕೇಳಿದರೆ ಎಲ್ಲರೂ ಹಾಗೇ ಹೇಳುತ್ತಾರೆ. ತಂಗಿಯ ಮುಖ ನೋಡಲಾಗದೆ ಮೈಕಿನ ವೈರು ಸರಿಮಾಡುತ್ತ ನಿಂತೆ.

"ಗೋಡೆ ಕಡೆ ತಿರುಗಿ ಹಾಡಕ್ಕಾ" ಎಂದಳು ತಂಗಿ, ಈ ಸಲ ನಗದೆ.

ಅಮ್ಮನಿಗೆ ಬೆನ್ನು ಹಾಕಿ ಹಾಡಿದೆ. ಸಾಲು ತಾನಾಗಿ ಇಳಿಯಿತು. ಪಟ್ಟಿ ಹಸಿರಾಗಿಯೇ ಉಳಿಯಿತು.

ತಂಗಿ ಅಮ್ಮನ ಕಿವಿಗೆ ಹೆಡ್‌ಫೋನ್ ಹಾಕಿ ವಾಲ್ಯೂಮ್ ಪೂರ್ತಿ ಏರಿಸಿದಳು. ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ಇದೇ. ಇದೇ ನನ್ನ ಧಾಟಿ" ಎಂದಳು. ಆಮೇಲೆ ನನ್ನನ್ನಲ್ಲ, ತಂಗಿಯನ್ನು ಕೇಳಿದಳು: "ಇವಳ ದನಿ ಇಷ್ಟು ಮೆತ್ತಗಿದೆಯೇನೇ?"

ವಾಪಸು ಬರುವಾಗ ಆಟೋದಲ್ಲಿ ಅವಳ ಕಿವಿಯ ಹತ್ತಿರ ಬಾಗಿ, ಸಾಧ್ಯವಾದಷ್ಟು ಮೆಲ್ಲಗೆ, "ಸೋಮವಾರ ಇದನ್ನೇ ಹಾಕ್ಸೋಣ" ಎಂದೆ.

"ಆಂ?"

ಇನ್ನೊಮ್ಮೆ ಹೇಳಿದೆ. ಅವಳು ನನ್ನ ತುಟಿ ನೋಡಲು ಮುಖ ತಿರುಗಿಸಿದಳು. ಮೂರನೇ ಸಲ ಹೇಳಿದಾಗ ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅಮ್ಮ, ಕೇಳಿಸಿತು ಎಂದು ತಲೆಯಾಡಿಸಿದಳು.