ನಾಲ್ಕನೇ ಗೇರಿನಲ್ಲಿ ನಲವತ್ತು

ನಮ್ಮ ಯಜಮಾನರು ಮೀಟರು ನೋಡಿಕೊಂಡು ಬೈಕು ಓಡಿಸುವವರನ್ನು ಮನುಷ್ಯರ ಲೆಕ್ಕಕ್ಕೇ ಸೇರಿಸುವುದಿಲ್ಲ. ಅವರ ಬೈಕಿನ ಮೀಟರೂ ಅದಕ್ಕೆ ತಕ್ಕ ಹಾಗೆಯೇ ಇದೆ. ಗಾಡಿ ನಿಂತಿರುವಾಗ ಮುಳ್ಳು ಇಪ್ಪತ್ತು ತೋರಿಸುತ್ತದೆ. ಹೊರಟ ಮೇಲೆ ಮೂವತ್ತಕ್ಕೂ ಎಪ್ಪತ್ತಕ್ಕೂ ನಡುವೆ ತಲೆ ಅಲ್ಲಾಡಿಸುತ್ತಾ ಇರುತ್ತದೆ. ಮಳೆ ಬಂದರೆ ಗಾಜಿನೊಳಗೆ ಹಬೆ ಕಟ್ಟಿಕೊಂಡು ಅದೂ ಕಾಣುವುದಿಲ್ಲ. ರಿಪೇರಿ ಮಾಡಿಸಿ ಎಂದರೆ, "ಅದು ಇರೋದು ಅಲಂಕಾರಕ್ಕೆ ಕಣೇ" ಎನ್ನುತ್ತಾರೆ.

ಬೈಕು ನಮ್ಮೂರಿನಲ್ಲೇ ತಯಾರಾದದ್ದು. ಎರಡು ಸೈಲೆನ್ಸರಿನದು, ಕಿಕ್ಕರಿಗೂ ಗೇರಿಗೂ ಒಂದೇ ಕಡ್ಡಿ. ಅದನ್ನು ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು, ಆದರೆ ಮೈಸೂರಿನ ಗಂಡಸರಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಯಜಮಾನರ ಸಿದ್ಧಾಂತ ನನಗೆ ಬಾಯಿಪಾಠ. ನಾಲ್ಕನೇ ಗೇರಿನಲ್ಲಿ ಎಂಜಿನ್ ಇಷ್ಟು ಸುತ್ತು ತಿರುಗಿದರೆ ಹಿಂದಿನ ಚಕ್ರ ಇಷ್ಟೇ ಸುತ್ತು ತಿರುಗಬೇಕು. ನಡುವೆ ಇರುವುದು ಚೈನು, ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಹಾಗಾಗಿ ಎಂಜಿನ್ನಿನ ಸದ್ದು ತಿಳಿದವನಿಗೆ ವೇಗವೂ ತಿಳಿದಿರುತ್ತದೆ. ಅದೇ ಸದ್ದು ಮೂರನೇ ಗೇರಿನಲ್ಲಿ ಬಂದರೆ ವೇಗ ಕಡಿಮೆ ಎಂದುಕೊಳ್ಳಬೇಕು, ಅಷ್ಟೇ. ಗಾಡಿ ಹೊಸದಾಗಿದ್ದಾಗ ಕೆಆರ್‌ಎಸ್ ರಸ್ತೆಯ ಕಿಲೋಮೀಟರ್ ಕಲ್ಲುಗಳ ನಡುವೆ ಕೈಗಡಿಯಾರ ನೋಡಿಕೊಂಡು ಓಡಿಸಿ ಓಡಿಸಿ, ಒಂದೊಂದು ಸದ್ದಿಗೂ ಒಂದೊಂದು ವೇಗ ಗೊತ್ತುಮಾಡಿಕೊಂಡಿದ್ದರಂತೆ. ನಮ್ಮ ಚರ್ಚಿನ ಕಾಯರ್‌ನಲ್ಲಿ ಅವರು ದಪ್ಪ ದನಿಯಲ್ಲಿ ಹಾಡುವ ಗುಂಪಿನವರು. ಹಾರ್ಮೋನಿಯಂನಲ್ಲಿ ಯಾವ ಮನೆ ಒತ್ತಿದರೆ ನಲವತ್ತು, ಯಾವುದು ಐವತ್ತು ಎಂದು ನನಗೆ ಒತ್ತಿ ತೋರಿಸಿದ್ದರು. ಮದುವೆಯಾದ ಹೊಸದರಲ್ಲಿ ಬೇರೆ ಗಂಡಂದಿರು ಹೆಂಡತಿಯರಿಗೆ ಏನೇನೋ ತೋರಿಸುತ್ತಾರೆ.

ಕಿವಿ ಮಂದವಾಗುತ್ತಿದೆ ಎನ್ನುವುದು ಅವರಿಗೆ ತಿಳಿಯಲಿಲ್ಲ. ಅವರು ಕಂಡುಕೊಂಡದ್ದು ಲೋಕದಲ್ಲಿ ಒಂದೊಂದೇ ಕೆಟ್ಟುಹೋಗುತ್ತಿರುವುದನ್ನು. ಮೊದಲು ಕಾಯರ್‌ನ ಹೆಣ್ಣುಮಕ್ಕಳು ಸೋಮಾರಿಗಳಾದರು. "ಈಗಿನ ಹುಡುಗೀರು ಬಾಯಿಬಿಟ್ಟು ಹಾಡೋದೇ ಇಲ್ಲ ಕಣೇ" ಎಂದರು. ಆಮೇಲೆ ಕುಕ್ಕರು ಕೂಗುವುದನ್ನು ಬಿಟ್ಟಿತು. ಆಮೇಲೆ ನಮ್ಮ ರಾಮಕೃಷ್ಣನಗರದ ಕೋಗಿಲೆಗಳು ಊರು ಬಿಟ್ಟವು. ಕಡೆಗೆ ನಾನು ಗೊಣಗುತ್ತೇನೆ ಎಂದು ತೀರ್ಮಾನವಾಯಿತು. ನಾನು ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವಳು. ಒಂದನೇ ಕ್ಲಾಸಿನಲ್ಲಿ ನಾನು ಮಗ್ಗಿ ಹೇಳಿಕೊಟ್ಟರೆ ಪಕ್ಕದ ಎರಡು ಕ್ಲಾಸುಗಳೂ ಹೇಳುತ್ತಿದ್ದವು. ಗೊಣಗುವ ವಿದ್ಯೆ ನನಗೆ ಬರುವುದಿಲ್ಲ.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ಸಂಜೆ ಕೆಸರೆಯ ನನ್ನ ತಂಗಿಯ ಮನೆಯಿಂದ ಹಿಂದಕ್ಕೆ ಬರುವಾಗ ಎಡಗಡೆಯ ಸಂದಿಯಿಂದ ಆಟೋ ಒಂದು ನುಗ್ಗಿತು. "ರೀ, ಆಟೋ!" ಎಂದು ಕಿರುಚಿದೆ. ರಸ್ತೆಯ ಆಚೆ ಬದಿಯ ಕಾಫಿಪುಡಿ ಅಂಗಡಿಯವನು ಹೊರಗೆ ಬಂದು ನೋಡಿದ. ನನ್ನ ಮುಂದೆ ಒಂದು ಗೇಣು ದೂರದಲ್ಲಿ ಕೂತಿದ್ದವರಿಗೆ ಕೇಳಿಸಲಿಲ್ಲ. ಆಟೋದವನೇ ಬ್ರೇಕ್ ಒತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಮಾರನೆಯ ದಿನವೇ ಅವರನ್ನು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪರೀಕ್ಷೆ ಮಾಡಿ, ಇವರಿಗೆ ದಪ್ಪ ಸದ್ದುಗಳೆಲ್ಲ ಚೆನ್ನಾಗಿ ಕೇಳಿಸುತ್ತಿವೆ, ಸಣ್ಣ ಸದ್ದುಗಳು ಹೋಗಿವೆ ಎಂದರು. ಹೆಂಗಸರ ಮಾತು, ಮಕ್ಕಳ ಮಾತು, ಹಕ್ಕಿಪಕ್ಕಿ ಇವು ಹೋದವುಗಳ ಕಡೆಗೆ. ಹೇಳಿದ್ದು ಹೆಂಗಸಾದ್ದರಿಂದ ಅದೂ ಅವರಿಗೆ ಅರ್ಧವೇ ಕೇಳಿಸಿತು. ಉಳಿದರ್ಧವನ್ನು ನಾನು ಕೂಗಿ ಹೇಳಿದೆ.

"ಎಂಜಿನ್ ಸದ್ದು ದಪ್ಪದ್ದು ತಾನೇ ಡಾಕ್ಟ್ರೇ?" ಎಂದು ಕೇಳಿದರು.

ಡಾಕ್ಟರು ಹೌದು ಎಂದು ತಲೆ ಆಡಿಸಿದರು.

"ಹಂಗಾದ್ರೆ ಏನೂ ತೊಂದ್ರೆ ಇಲ್ಲ ಬುಡಿ" ಎಂದು ಇವರು ಎದ್ದೇಬಿಟ್ಟರು.

ಆದರೂ ಕಿವಿಗೆ ಹಾಕಿಕೊಳ್ಳುವ ಮಷೀನು ಕೊಂಡು ತಂದೆವು. ಡಬ್ಬಿ ಬೀರುವಿನಲ್ಲಿ ಕೂತಿತು. ಡಾಕ್ಟರ ರೂಮಿನಲ್ಲೇ ಒಂದು ಸಲ ಹಾಕಿ ನೋಡಿದ್ದರು. ಫ್ಯಾನು ಕಿರುಗುಟ್ಟುವುದು, ಕಾಗದ ಮಗುಚುವುದು, ತಮ್ಮದೇ ಷರಟಿನ ಸರಬರ ಎಲ್ಲ ಒಟ್ಟಿಗೆ ಒಳಗೆ ನುಗ್ಗಿದವಂತೆ. "ಇದನ್ನ ಹಾಕ್ಕೊಂಡ್ರೆ ಗಾಡಿ ಸದ್ದೇ ಬೇರೆಯಾಗೋಗುತ್ತೆ. ಆಮೇಲೆ ನಾನೂ ಎಲ್ಲರಂಗೆ ಮುಳ್ಳು ನೋಡ್ಕೊಂಡು ಓಡಿಸ್ಬೇಕಾಗುತ್ತೆ" ಎಂದರು. ಹಾಗೆ ಹೇಳುವಾಗ ಅವರ ಮುಖ ಚಿಕ್ಕದಾಗಿತ್ತು. ನನಗೆ ಪಾಪ ಎನಿಸಿತು, ಆದರೆ ಆಟೋ ನೆನಪಾಗಿ ದಿನಾ ಮಷೀನಿನ ಮಾತು ಎತ್ತುವುದನ್ನು ಬಿಡಲಿಲ್ಲ.

ಹಳೆಯ ಬೈಕಿನವರದೊಂದು ಕೂಟವಿದೆ. ವರ್ಷಕ್ಕೊಂದು ಭಾನುವಾರ ಎಲ್ಲರೂ ಸೇರಿ, ಇಡ್ಲಿ ತಿಂದು, ಒಬ್ಬರ ಗಾಡಿಯನ್ನು ಒಬ್ಬರು ಹೊಗಳಿ, ಒಂದು ಸ್ಪರ್ಧೆ ನಡೆಸುತ್ತಾರೆ. ಮೀಟರಿನ ಮೇಲೆ ಪ್ಲಾಸ್ಟರು ಅಂಟಿಸುತ್ತಾರೆ, ಕೈಗಡಿಯಾರ ಮತ್ತು ಫೋನು ಕಿತ್ತಿಟ್ಟುಕೊಳ್ಳುತ್ತಾರೆ. ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗೆ ಸರಿಯಾಗಿ ನಲವತ್ತರ ವೇಗದಲ್ಲಿ ಹೋಗಬೇಕು. ಆ ತುದಿಯಲ್ಲಿ ಸಮಯ ಲೆಕ್ಕ ಹಾಕಿ, ನಲವತ್ತಕ್ಕೆ ಯಾರು ಹತ್ತಿರವೋ ಅವರು ಗೆದ್ದಂತೆ. ಹಿಂದೆ ಒಬ್ಬರು ಕೂತಿರಲೇಬೇಕು. ಕೂತವರು ಸವಾರನ ಮೈ ಮುಟ್ಟಿ ಸನ್ನೆ ಮಾಡಬಾರದು.

"ಈ ಸಲ ನಾನು ಗೆದ್ರೆ ಮಷೀನಿನ ಮಾತು ಎತ್ತಕೂಡ್ದು. ಸೋತ್ರೆ ನೀನು ಹೇಳ್ದಂಗೆ" ಎಂದರು. ಒಪ್ಪಿಕೊಂಡೆ. ಕಿವಿ ಕೆಟ್ಟವರು ಕಿವಿಯ ಸ್ಪರ್ಧೆಯಲ್ಲಿ ಗೆಲ್ಲುವುದು ಸಾಧ್ಯವೇ ಇಲ್ಲ ಎಂದು ನನಗೆ ಧೈರ್ಯ.

ಸ್ಪರ್ಧೆ ನಡೆದದ್ದು ಮೇಟಗಳ್ಳಿಯಲ್ಲಿ. ಭಾನುವಾರ ಬೆಳಿಗ್ಗೆ ಕಾರ್ಖಾನೆಗಳ ನಡುವಿನ ರಸ್ತೆ ಖಾಲಿ ಇರುತ್ತದೆ. ನಾನು ಒಂದೇ ಕಡೆಗೆ ಕಾಲು ಇಳಿಬಿಟ್ಟುಕೊಂಡು, ಸೀಟಿನ ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಇವರು ನಾಲ್ಕನೇ ಗೇರಿಗೆ ಹಾಕಿ, ಕತ್ತು ಸ್ವಲ್ಪ ಬಲಕ್ಕೆ ವಾಲಿಸಿ, ಕಾಯರ್‌ನಲ್ಲಿ ಶ್ರುತಿಗೆ ಕಾಯುವ ಹಾಗೆ ಕಾದರು. ಸದ್ದು ಒಂದು ಕಡೆ ನಿಂತಿತು. ಆಮೇಲೆ ಅಲ್ಲಿಂದ ಏರಲಿಲ್ಲ, ಇಳಿಯಲಿಲ್ಲ.

ಅರ್ಧ ದಾರಿಯಲ್ಲಿ ನನ್ನ ಬಲಗಾಲಿನ ಚಪ್ಪಲಿ ಬಿತ್ತು.

"ರೀ, ಚಪ್ಪಲಿ ಬಿತ್ತು!" ಎಂದೆ. ಗಾಡಿ ಹೋಗುತ್ತಲೇ ಇತ್ತು. "ನಿಲ್ಲಿಸ್ರೀ!" ಎಂದು ಕೂಗಿದೆ. ಹೋಗುತ್ತಲೇ ಇತ್ತು. ಮೂರನೆಯ ಸಲ ಹೆಸರು ಹಿಡಿದೇ ಕೂಗಿದೆ, ಮದುವೆಯಾದಾಗಿನಿಂದ ಅದೇ ಮೊದಲು. ಹಿಂದೆ ತಿರುಗಿ ನೋಡಿದರೆ ಒಂದು ಕಾರ್ಖಾನೆಯ ವಾಚ್‌ಮನ್ ಗೇಟು ಬಿಟ್ಟು ಓಡಿಬಂದು ಚಪ್ಪಲಿಯನ್ನು ಎತ್ತಿ ಹಿಡಿದು ಬೀಸುತ್ತಿದ್ದ. ಅವನಿಗೆ ಕೇಳಿಸಿತ್ತು.

ಮೊದಲ ಬಹುಮಾನ ನಮಗೇ ಬಂತು. ನಲವತ್ತಕ್ಕೆ ಅಷ್ಟು ಹತ್ತಿರ ಇದುವರೆಗೆ ಯಾರೂ ಹೋಗಿಲ್ಲ ಎಂದು ಮೈಕಿನಲ್ಲಿ ಹೇಳಿದರು. ಗಂಡ ಹೆಂಡತಿ ಜೊತೆಯಾಗಿ ನಿಂತು ಸ್ಟೀಲಿನ ಜಗ್ಗು ಇಸಿದುಕೊಂಡೆವು. ಫೋಟೋ ತೆಗೆಯುವವನು ಇನ್ನೂ ಸ್ವಲ್ಪ ಹತ್ತಿರ ಬನ್ನಿ ಎಂದಾಗ ಇವರು ಕೆಳಗೆ ನೋಡಿದರು.

"ಚಪ್ಪಲಿ ಎಲ್ಲೇ?"

"ದಾರೀಲಿ ಬಿತ್ತು."

"ಹೇಳ್ಬಾರ್ದಾಗಿತ್ತಾ?"

"ಹೇಳ್ದೆ. ಮೂರು ಸಲ."

ಎದುರಿಗೆ ನಿಂತು ತುಟಿ ನೋಡುತ್ತಿದ್ದರಿಂದ ಅದು ಅವರಿಗೆ ಪೂರ್ತಿ ತಿಳಿಯಿತು. ಫೋಟೋದಲ್ಲಿ ಇಬ್ಬರೂ ನಕ್ಕಿಲ್ಲ.

ವಾಪಸು ಬರುವಾಗ ವಾಚ್‌ಮನ್ ಹತ್ತಿರ ನಿಲ್ಲಿಸಿ, ಇವರೇ ಇಳಿದು ಹೋಗಿ ಚಪ್ಪಲಿ ಇಸಿದುಕೊಂಡರು. "ಎಷ್ಟ್ ಕೂಗುದ್ರು ಸಾ ಅಮ್ಮಾವ್ರು!" ಎಂದ ಅವನು. ಅವನದು ಒಳ್ಳೆ ಗಡಸು ಗಂಟಲು, ಪೂರ್ತಿ ಕೇಳಿಸಿತು. ಇವರು ಚಪ್ಪಲಿಯನ್ನು ನನ್ನ ಕಾಲಿನ ಹತ್ತಿರ ಇಟ್ಟು, ಕುಕ್ಕರಗಾಲಲ್ಲೇ ತಲೆ ಎತ್ತಿ ನನ್ನ ಮುಖ ನೋಡಿದರು.

"ಚಪ್ಪಲಿ ಬಿತ್ತು, ಸರಿ. ನೀನೇ ಬಿದ್ದಿದ್ರೆ?"

"ಪ್ರೈಜ್ ತಗೊಳೋವಾಗ ಗೊತ್ತಾಗ್ತಿತ್ತು" ಎಂದೆ.

ಅವರು ನಗಲಿಲ್ಲ. ನಾನು ಹತ್ತಿ ಕೂತೆನೇ ಎಂದು ತಿರುಗಿ ನೋಡಿಕೊಂಡು ಗಾಡಿ ಹೊರಡಿಸಿದರು.

ನಾನು ಸೋತಿದ್ದೆ, ಆದ್ದರಿಂದ ಮಷೀನಿನ ಮಾತು ಎತ್ತಲಿಲ್ಲ. ಬೀರು ತೆಗೆದಾಗಲೆಲ್ಲ ಡಬ್ಬಿಯನ್ನು ನೋಡಿ ಬಾಗಿಲನ್ನು ಸ್ವಲ್ಪ ಜೋರಾಗಿ ಹಾಕುತ್ತಿದ್ದೆ, ಅಷ್ಟೇ. ಮುಂದಿನ ಭಾನುವಾರ ಚರ್ಚಿಗೆ ಹೊರಟು ಗೇಟಿನ ಹತ್ತಿರ ನಿಂತಿದ್ದಾಗ ಇವರು ಹೆಲ್ಮೆಟ್ಟು ಹಿಡಿದುಕೊಂಡು ಹೊರಗೆ ಬಂದರು. ಎರಡೂ ಕಿವಿಯಲ್ಲಿ ಮಷೀನು ಇತ್ತು. ನಾನು ಗೇಟಿನ ಚಿಲಕ ನೋಡುತ್ತಾ ನಿಂತೆ. ಏನಾದರೂ ಅಂದರೆ ತೆಗೆದುಬಿಡುತ್ತಾರೆ ಎಂಬ ಭಯ.

ಕಿಕ್ಕರು ಒದ್ದರು. ಗಾಡಿ ಶುರುವಾದದ್ದೇ ಬೆಚ್ಚಿ ಆಫ್ ಮಾಡಿದರು. ಬಗ್ಗಿ ಎಂಜಿನ್ನಿನ ಕೆಳಗೆ ನೋಡಿದರು. "ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸ್ದಂಗಿದೆ. ಇದು ನನ್ನ ಗಾಡೀನೇನೇ?" ಎಂದು ಕೇಳಿದರು. ಅವರ ಕೈ ಕಿವಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಆಮೇಲೆ ಹೆಲ್ಮೆಟ್ಟನ್ನು ಮೆಲ್ಲಗೆ, ಮಷೀನು ಜಾರದ ಹಾಗೆ ಹಾಕಿಕೊಂಡು, ಇನ್ನೊಂದು ಸಲ ಒದ್ದರು.

ದಾರಿಯಲ್ಲಿ ನಾನು ಅಭ್ಯಾಸಬಲದಿಂದ, ಯಾರಿಗೂ ಕೇಳಿಸುವುದಿಲ್ಲ ಎಂಬ ನಂಬಿಕೆಯಲ್ಲಿ, "ಹಂಪ್ ಇದೆ, ನಿಧಾನ" ಎಂದೆ.

"ನೋಡ್ದೆ ಕಣೇ" ಎಂದರು.

ಹಂಪ್ ದಾಟಿದ ಮೇಲೂ ನಾನು ಅವರ ಹೆಲ್ಮೆಟ್ಟನ್ನೇ ನೋಡುತ್ತಿದ್ದೆ. ಆಮೇಲೆ, ಇನ್ನೊಂದು ಸಲ ಉತ್ತರ ಬರುತ್ತದೋ ಇಲ್ಲವೋ ನೋಡೋಣವೆಂದು, "ಈಗ ಎಷ್ಟರಲ್ಲಿ ಹೋಗ್ತಿದೀವಿ?" ಎಂದು ಕೇಳಿದೆ.

ಕತ್ತು ವಾಲಿಸಿ ಬಹಳ ಹೊತ್ತು ಕೇಳಿದರು. "ಮೂವತ್ತೈದು" ಎಂದರು. ದನಿಯಲ್ಲಿ ಮೊದಲಿನ ಠೀವಿ ಇರಲಿಲ್ಲ.

ಹಾಲಿನ ಕ್ಯಾನು ತಗಲಿಸಿಕೊಂಡ ಸೈಕಲ್ಲೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ತುಳಿಯುತ್ತಿದ್ದವನಿಗೆ ಅಂಥ ಅವಸರವೇನೂ ಇದ್ದ ಹಾಗಿರಲಿಲ್ಲ.

"ಸರಿಯಾಗಿ ಹೇಳಿದ್ರಿ" ಎಂದೆ, ಆದಷ್ಟೂ ಮೆಲ್ಲಗೆ.

"ಕೇಳಿಸ್ತದೆ ಕಣೇ, ಕೂಗ್ಬೇಡ" ಎಂದರು.