ಮರದ ಸೇತುವೆಯಲ್ಲಿ ಮಂಗಳಾರತಿ

ನ್ಯೂಜೆರ್ಸಿಯ ಆ ಹಳೆಯ ಮರದ ಸೇತುವೆಗೆ ಮನೆಯ ಹಾಗೆ ಗೋಡೆಯೂ ಇದೆ, ಸೂರೂ ಇದೆ. ಎಂಬತ್ತರ ದಶಕದ ಕೊನೆಯ ಒಂದು ಭಾನುವಾರ, ನಮ್ಮಿಂದಾಗಿ ಅದಕ್ಕೆ ಬೆಂಕಿ ಬೀಳುತ್ತದೆಂದೇ ನಾನು ನಂಬಿದ್ದೆ. ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ.

ನಾನಾಗ ಪ್ರಿನ್ಸ್‌ಟನ್ನಿನಲ್ಲಿ ಓದುತ್ತಿದ್ದೆ. ಪಕ್ಕದ ಅಪಾರ್ಟ್‌ಮೆಂಟಿನ ಮೈಸೂರಿನ ಅಂಕಲ್ ಹಿಂದಿನ ದಿನವಷ್ಟೇ ಹಳೆಯ ಸ್ಟೇಷನ್ ವ್ಯಾಗನ್ ಒಂದನ್ನು ಕೊಂಡಿದ್ದರು. ಹಳ್ಳಿಯ ಕಡೆಯ ಸ್ನೇಹಿತರ ಮನೆಗೆ ಆಂಟಿಯ ಜೊತೆ ಊಟಕ್ಕೆ ಹೊರಟವರು ನನ್ನನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಮಳೆ ಸುರಿಯುತ್ತಿತ್ತು. ಸೇತುವೆ ಕಂಡದ್ದೇ ಆಂಟಿ ಕೂಗಿದರು.

"ರೀ, ನಿಲ್ಸಿ! ಪೂಜೆ ಆಗದ ಗಾಡೀಲಿ ಹೊಳೆ ದಾಟೋದಾ?"

"ಈ ಮಳೇಲಿ ಎಲ್ಲಿ ಪೂಜೆ ಮಾಡ್ತೀಯೆ?"

"ಕಣ್ಣೆದುರಿಗೇ ಸೂರಿದೆಯಲ್ಲ! ಮೂತಿ ಒಳಗೆ ಹೋದ್ರೆ ಸಾಕು. ಅಲ್ಲಿಗೆ ಹೊಳೆ ಇನ್ನೂ ಶುರುವಾಗಿರಲ್ಲ."

ಅಂಕಲ್ ಕಾರಿನ ಮೂತಿಯನ್ನಷ್ಟೇ ಒಳಗೆ ತೂರಿಸಿದರು. ಆಂಟಿಯ ಪೂಜೆಯ ಚೀಲದಲ್ಲಿದ್ದ ತೆಂಗಿನಕಾಯಿ ಹಿಡಿದು ನಾನು ಕೆಳಗಿಳಿದೆ. ಆಂಟಿ ಬಾನೆಟ್ಟಿಗೆ ಕುಂಕುಮವಿಟ್ಟು ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ಒಂದು ಸುತ್ತು ಆರತಿ ಎತ್ತುವಷ್ಟರಲ್ಲಿ ಗಾಳಿ ಬೀಸಿ ಜ್ವಾಲೆ ಗೇಣುದ್ದ ಎದ್ದಿತು. ಪಕ್ಕದ ಮನೆಯಿಂದ ಬಿಳಿಯ ಮುದುಕರೊಬ್ಬರು ಕೊಡೆ ಹಿಡಿದು ಓಡಿಬಂದರು.

ನೋಡಲು ಬಂದವರಿಗೆಲ್ಲ ಸೇತುವೆಯ ಚರಿತ್ರೆ ಹೇಳುವುದು ಅವರ ರೂಢಿಯಿರಬೇಕು; ಗಾಬರಿಯಲ್ಲೂ ಅದನ್ನು ಮೊದಲಿನಿಂದಲೇ ಶುರುಮಾಡಿದರು. ತೊಲೆಗಳು ನೆನೆದು ಕೊಳೆಯಬಾರದೆಂದು ಹಿಂದಿನವರು ಸೂರು ಹಾಕಿದರಂತೆ. ಒಮ್ಮೆ ಇಡೀ ಸೇತುವೆ ಹೊಳೆಗೆ ಕುಸಿದಿತ್ತಂತೆ. ಆಗ ಕಾಂಕ್ರೀಟಿನದು ಬೇಡವೆಂದು ಊರವರು ಹಟ ಹಿಡಿದು, ಹಳೆಯ ತೊಲೆಗಳನ್ನೇ ಹೆಕ್ಕಿ ಮತ್ತೆ ಕಟ್ಟಿಸಿದರಂತೆ. "ಇಷ್ಟೆಲ್ಲ ಆದಮೇಲೆ ನೀವು ಬಂದು ಸುಡುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಚೀರಿ, ಕೆನ್ನೆ ಉಬ್ಬಿಸಿ, ತಟ್ಟೆಯ ಮೇಲೆ ಬಾಗಿದರು.

"ಅಯ್ಯೋ, ಊದ್ಬೇಡಿ ಅನ್ರೀ! ಆರತಿ ಎಂಜಲಾಗತ್ತೆ!"

ಊದಿದರೆ ಕಾರಿನ ಇನ್ಶೂರೆನ್ಸ್ ಹೋಗುತ್ತದೆ ಎಂದು ಅಂಕಲ್ ಅವರಿಗೆ ಅನುವಾದಿಸಿದರು. ಮುದುಕರು ಉಬ್ಬಿದ ಕೆನ್ನೆಯಲ್ಲೇ ನಿಂತುಬಿಟ್ಟರು.

"ಹೊರಗಾದ್ರೂ ತಗೊಂಡು ಹೋಗೆ!"

"ಮಳೆಗೆ ಆರಿದ್ರೆ ಅಪಶಕುನ ಅಲ್ವೇನ್ರೀ?"

ಅಂಕಲ್ ಅದನ್ನೂ ಇನ್ಶೂರೆನ್ಸಿಗೇ ಸೇರಿಸಿದರು. ಕೊನೆಗೆ ಎಲ್ಲರೂ ಹೊರಟೆವು. ಕಾರು ನಿಧಾನವಾಗಿ ಹಿಂದಕ್ಕೆ ಸರಿಯಿತು. ಅದರ ಮೂತಿಯೆದುರು ತಟ್ಟೆ ಹಿಡಿದ ಆಂಟಿ. ಕರ್ಪೂರ ನೆನೆಯದಂತೆ ತೋಳು ಪೂರ್ತಿ ಚಾಚಿ ಕೊಡೆ ಹಿಡಿದು, ತಾವು ತೊಯ್ಯುತ್ತಿದ್ದ ಮುದುಕರು. ಅವರ ಹಿಂದೆ ನಾನು, ತೆಂಗಿನಕಾಯಿ.

ಮಳೆಯಲ್ಲಿ ಉಳಿದ ಸುತ್ತುಗಳು ಮುಗಿದವು. ಕರ್ಪೂರ ತಾನಾಗಿಯೇ ಆರಿತು. ಕಾಯಿ ಒಡೆದೆವು. ನನಗೆ ಉಸಿರು ಬಂತು, ಮುದುಕರಿಗೆ ಬರಲಿಲ್ಲ. ಸೇತುವೆಯೊಳಗೆ ಹೋಗಿ ಮೂಗರಳಿಸಿ, "ಎಲ್ಲೋ ಉರಿಯುತ್ತಿದೆ" ಎಂದರು. ಒಂದೊಂದೇ ತೊಲೆಗೆ ಮೂಗು ತಾಗಿಸಿ ಮೂಸತೊಡಗಿದರು. ನಮ್ಮ ಹಿಂದೆ ಕಾರುಗಳು ಬಂದು ನಿಂತವು, ಮುದುಕರು ಯಾರನ್ನೂ ದಾಟಲು ಬಿಡಲಿಲ್ಲ.

ಆಂಟಿ ಹೋಗಿ ಕರ್ಪೂರದ ಡಬ್ಬಿಯ ಮುಚ್ಚಳ ತೆಗೆದು ಅವರ ಮೂಗಿಗೇ ಹಿಡಿದರು. ಮುದುಕರು ಡಬ್ಬಿ ಮೂಸಿದರು, ತೊಲೆ ಮೂಸಿದರು. ಮತ್ತೆ ಡಬ್ಬಿ, ಮತ್ತೆ ತೊಲೆ. ಎರಡರಲ್ಲೂ ಒಂದೇ ವಾಸನೆ. ಆಮೇಲೆ ತೊಲೆಯನ್ನು ಎತ್ತಿನ ಬೆನ್ನು ತಟ್ಟುವಂತೆ ತಟ್ಟಿ, ದಾಟಿ ಎಂದು ನಮಗೆ ಕೈಮಾಡಿದರು.