ಬರೇ ಹಾಡಾಕ ಬರೂದಿಲ್ಲ ಎಂದ ನಂದಾ

ಮಾಡಗ್ಯಾಳದ ನಂದಾಳಿಗೆ ಸ್ಯಾಕ್ಸೋಫೋನ್ ಕಲಿಸಿದವನು ಅವಳ ಅಪ್ಪ ತಾನಾಜಿ. ಹರೆಯದಲ್ಲಿ ಗೋವಾದ ಹೋಟೆಲೊಂದರಲ್ಲಿ ಜಾಝ್ ನುಡಿಸುವವರ ಜೊತೆ ಇದ್ದು ಬಂದವನು. ಊರಿಗೆ ಮರಳಿ ಮದುವೆಯ ಬ್ಯಾಂಡು ಕಟ್ಟಿದ. "ಜಾಝ್ ಅಂದ್ರ ಹಾಡು ದಾರಿ ಬಿಟ್ಟು ಅಡ್ಡಾಡಿ, ತನ್ನ ಮನಿಗೆ ತಾನ ಬರೂದವ್ವಾ" ಎನ್ನುತ್ತಿದ್ದ. ಮೆರವಣಿಗೆಯಲ್ಲಿ ಹುಡುಗಿ ಊದುವುದನ್ನು ಕಂಡು ಜನ ಮೊದಮೊದಲು ನಕ್ಕರು. ಬರಬರುತ್ತ ಉಟಗಿ, ಬಿಳೂರಿನವರೂ ಅವಳು ಇದ್ದರಷ್ಟೇ ಬ್ಯಾಂಡು ಗೊತ್ತುಮಾಡತೊಡಗಿದರು. ಒಂದು ಸಾಲು ಊದಿ, ಮುಂದಿನದನ್ನು ತಾನೇ ಹಾಡುತ್ತಿದ್ದಳು.

ಪುಣೆಯಲ್ಲಿ ಜಾಝ್ ತಂಡ ನಡೆಸುತ್ತಿದ್ದ ಜತ್ತಿನ ವಿಜಯಕುಮಾರ ಒಂದು ಮದುವೆಯಲ್ಲಿ ಇದನ್ನು ಕೇಳಿ, ಮರುದಿನವೇ ಮನೆಗೆ ಬಂದ.

"ಹಾಡಾಕ ಬರ್ರಿ. ಊದಾಕ ನಮ್ಮಲ್ಲಿ ಒಬ್ರು ಅದಾರ."

"ಎರಡೂ ಇದ್ರ ಬರ್ತೀನ್ರಿ. ಬರೇ ಹಾಡಾಕ ಬರೂದಿಲ್ಲ" ಎಂದಳು ನಂದಾ.

ತಾನಾಜಿ ಚಹಾದ ಕಪ್ಪು ಕೆಳಗಿಟ್ಟ. "ಮೊದಲ ತಂಡದ ಒಳಗ ಹೋಗು. ಉಳಿದದ್ದು ಆಮ್ಯಾಲ ನೋಡಿದ್ರಾತು."

ಅವಳು ಕೇಳಲಿಲ್ಲ. ಅಪ್ಪ ಕೈಗಿಟ್ಟ ವಾದ್ಯವನ್ನು ಬಿಟ್ಟು ಹೋದರೆ ಅವನಿಗೇ ಅವಮಾನವೆಂದು ಅವಳ ಹಟ. ತಾನಾಜಿಯ ಬ್ಯಾಂಡಿನಲ್ಲೇ ಹಾಡುತ್ತಿದ್ದ ಅವಳ ಗೆಳತಿ ಇಂದುಬಾಯಿಯನ್ನು ವಿಜಯಕುಮಾರ ಕರೆದೊಯ್ದ.

ಮುಂದೆ ಮದುವೆಗಳಿಗೆ ಡಿಜೆ ಬಂತು, ಬ್ಯಾಂಡು ನಿಂತಿತು. ತಾನಾಜಿ ತೀರಿಕೊಂಡ. ದಾಳಿಂಬೆ ತೋಟದ ಕೂಲಿಗೆ ಹೋಗುತ್ತ ನಂದಾಳಿಗೆ ದಮ್ಮು ಹತ್ತಿಕೊಂಡಿತು. ಎರಡು ಸಾಲು ಊದಿದರೆ ಉಸಿರು ಸಾಲದು.

ಹೋದ ಬೇಸಿಗೆಯಲ್ಲಿ ಇಂದುಬಾಯಿ ಊರಿಗೆ ಬಂದವಳು ಮಾತಿನ ನಡುವೆ ಹೇಳಿದಳು:

"ನಾ ಪುಣೆಗೆ ಹೋದ ವರ್ಷನ ಊದಾಂವ ತಂಡ ಬಿಟ್ಟು ಹೋದ, ನಂದಾ. ನಿನ್ನ ಹೆಸರು ಹೇಳಿದೆ. ಒಮ್ಮಿ ಇಲ್ಲ ಅಂದಾರ, ಮತ್ತ ಹೆಂಗ ಕೇಳೂದು ಅಂದ್ರು ವಿಜಯಕುಮಾರ. ನೀನರ ಆಕಿ ಜೋಡಿ ಮಾತಾಡು ಅಂದ್ರು."

"ಒಂದು ಫೋನರ ಮಾಡಬೇಕಿಲ್ಲೇನ?"

"ಭಾಳ ಸಲ ಮಾಡಿದೆ. ನೀ ಎತ್ತಲಿಲ್ಲ."

ನಂದಾಳಿಗೆ ನೆನಪಿತ್ತು. ಗೆಳತಿಯ ಹೆಸರು ಕಂಡಾಗಲೆಲ್ಲ, ಪುಣೆಯ ಸುದ್ದಿ ಯಾರಿಗೆ ಬೇಕು ಎಂದು ಫೋನನ್ನು ತಾನೇ ಬೋರಲು ಹಾಕಿದ್ದಳು. ಅಪ್ಪ ಒಮ್ಮೆ ಯಾರದೆಂದು ಕೇಳಿದಾಗ, ಯಾರೋ ಎಂದಿದ್ದಳು. ತಾನು ಹೋಗಿದ್ದರೆ ಅವನು ಪುಣೆಗೆ ಬಂದು, ಮುಂದಿನ ಸಾಲಿನಲ್ಲಿ ಕುಳಿತು ಕೇಳುತ್ತಿದ್ದ.

ಎದ್ದುಹೋಗಿ ಚಹಾ ಮಾಡಿ ತಂದಳು.

"ಅಲ್ಲೆ ಊದಾಂವ ಎಲ್ಲಿ ನಿಲ್ತಾನ?"

"ನನ್ನ ಬಲಕ್ಕ. ಒಂದು ಹೆಜ್ಜಿ ಹಿಂದ."

"ಅವಂಗ ಮೈಕು ಬ್ಯಾರೆ ಇರ್ತೈತೇನು?"

ಇಂದುಬಾಯಿ ಹೇಳುತ್ತ ಹೋದಳು. ಎಸ್‌ಟಿ ಬಸ್ಸು ಬರುವವರೆಗೂ ನಂದಾ ಕೇಳುತ್ತಲೇ ಇದ್ದಳು.